ಹೇರೆತ್ತಿನ ಋಣ: ಪ್ಯಾಕೆಟ್ ವಿಮಾನದ ಸೇವಾಚರಿತ್ರೆ

ಯುದ್ಧದ ಕೀರ್ತಿಯನ್ನು ಹಂಚುವಾಗ ಲೋಕವು ಹೊಡೆದವನನ್ನು ಮೊದಲು ಕರೆಯುವುದು. ಹೊತ್ತವನನ್ನು ಕಡೆಗೆ ಕರೆಯುವುದು. ಎಷ್ಟೋ ವೇಳೆ ಕರೆಯದೆಯೇ ಬಿಡುವುದು. ನ್ಯಾಟ್, ಹಂಟರ್, ಮಿಗ್ ಮೊದಲಾದ ಕಾದಾಟದ ವಿಮಾನಗಳ ಹೆಸರನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಹಿಮದ ಗಡಿಯಲ್ಲಿ ಕಾವಲು ನಿಂತ ಸಿಪಾಯಿಗೆ ಹಿಟ್ಟು, ಬೇಳೆ, ಸೀಮೆಎಣ್ಣೆ, ಕಂಬಳಿ, ಮದ್ದುಗುಂಡುಗಳನ್ನು ಮೂವತ್ತು ವರ್ಷಗಳ ಕಾಲ ಹೊತ್ತು ಮುಟ್ಟಿಸಿದ ವಿಮಾನ ಯಾವುದೆಂದು ಕೇಳಿದರೆ, ಉತ್ತರ ಹೇಳಬಲ್ಲವರು ನೂರಕ್ಕೊಬ್ಬರು ಸಿಕ್ಕರೆ ಹೆಚ್ಚು. ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರು ಹೇಳಿರುವರು. ಉಣಿಸಿದವನ ಹೆಸರನ್ನೇ ಮರೆಯುವುದು ಅದಕ್ಕಿಂತಲೂ ದೊಡ್ಡ ತಪ್ಪೆಂದು ನಾವು ಭಾವಿಸುತ್ತೇವೆ. ಆದಕಾರಣ ಫೇರ್‌ಚೈಲ್ಡ್ ಸಿ-119 ಎಂಬ, ನಮ್ಮ ವಾಯುಸೇನೆಯಲ್ಲಿ 'ಪ್ಯಾಕೆಟ್' ಎಂದು ಹೆಸರಾದ, ಭಾರವಾಹಿ ವಿಮಾನದ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಹುಟ್ಟು ಮತ್ತು ರೂಪು

ಈ ವಿಮಾನವು ಹುಟ್ಟಿದ್ದು ಅಮೇರಿಕ ದೇಶದ ಮೇರಿಲ್ಯಾಂಡ್ ಪ್ರಾಂತ್ಯದ ಹೇಗರ್ಸ್‌ಟೌನ್ ಎಂಬ ಊರಿನ ಕಾರ್ಖಾನೆಯಲ್ಲಿ. ಎರಡನೆಯ ಮಹಾಯುದ್ಧವು ಇನ್ನೂ ನಡೆಯುತ್ತಿದ್ದಾಗ, 1944ರ ಸೆಪ್ಟೆಂಬರಿನಲ್ಲಿ, ಫೇರ್‌ಚೈಲ್ಡ್ ಕಂಪೆನಿಯವರ ಸಿ-82 ಎಂಬ ವಿಮಾನವು ಮೊದಲು ಹಾರಿತು. ಅದರ ದೋಷಗಳನ್ನು ತಿದ್ದಿ, ಚಾಲಕನ ಕೋಣೆಯನ್ನು ಮೂತಿಯ ತುದಿಗೆ ತಂದು, ಹೆಚ್ಚು ಬಲದ ಇಂಜಿನುಗಳನ್ನು ಕೂರಿಸಿ ಮಾಡಿದ ಸಿ-119 ಎಂಬ ತಮ್ಮನು 1947ರ ನವೆಂಬರಿನಲ್ಲಿ ಗಗನಕ್ಕೇರಿದನು. 'ಪ್ಯಾಕೆಟ್' ಎಂಬುದು ಅಣ್ಣನ ಹೆಸರು. ನಮ್ಮವರು ತಮ್ಮನನ್ನೂ ಅದೇ ಹೆಸರಿನಿಂದ ಕರೆದರು. ಅಮೇರಿಕದ ಸೈನಿಕರು ಇದಕ್ಕಿಟ್ಟ ಹೆಸರಿನ ಅರ್ಥ 'ಹಾರುವ ಗೂಡ್ಸ್ ಡಬ್ಬಿ' ಎಂದು. ಕಂಡವರಿಗೆ ಆ ಹೆಸರು ಸರಿಯಾದುದೆಂದೇ ತೋರುತ್ತಿತ್ತು.

ಅದರ ರೂಪು ಚೆಲುವಿನದಲ್ಲ. ನಡುವೆ ಪೆಟ್ಟಿಗೆಯಂಥ ಒಡಲು. ಎರಡು ರೆಕ್ಕೆಗಳ ಇಂಜಿನುಗಳ ಬೆನ್ನಿನಿಂದ ಹಿಂದಕ್ಕೆ ಚಾಚಿದ ಎರಡು ತೊಲೆಗಳು. ಆ ತೊಲೆಗಳ ತುದಿಗಳನ್ನು ಸೇರಿಸುವ ಬಾಲ. ಇಷ್ಟು ವಿಕಾರಕ್ಕೆ ಕಾರಣವಿದ್ದಿತು. ಬಾಲವು ಒಡಲಿಗೆ ಅಂಟದೆ ತೊಲೆಗಳ ಮೇಲೆ ನಿಂತುದರಿಂದ ಒಡಲಿನ ಹಿಂಬದಿ ಪೂರ್ತಿಯಾಗಿ ಬಾಗಿಲಾಯಿತು. ಕಪ್ಪೆಚಿಪ್ಪಿನಂತೆ ಎರಡು ಹೋಳಾಗಿ ತೆರೆಯುವ ಆ ಬಾಗಿಲಿಗೆ ಲಾರಿಯನ್ನು ಹಿಮ್ಮೊಗವಾಗಿ ತಂದು ನಿಲ್ಲಿಸಿದರೆ, ಸಾಮಾನನ್ನು ಎತ್ತಿಳಿಸುವ ಶ್ರಮವಿಲ್ಲದೆ ನೇರವಾಗಿ ಒಳಕ್ಕೆ ತಳ್ಳಬಹುದಾಗಿತ್ತು. ಜೀಪನ್ನೋ ಫಿರಂಗಿಯನ್ನೋ ಉರುಳಿಸಿಕೊಂಡೇ ಹತ್ತಿಸಬಹುದಾಗಿತ್ತು. ಮೊದಲಿದ್ದ ಡಕೋಟ ವಿಮಾನಕ್ಕೆ ಪಕ್ಕದಲ್ಲೊಂದು ಬಾಗಿಲು, ಅದೂ ಇಳಿಜಾರಾದ ನೆಲದ ಮೇಲೆ. ಡಕೋಟದಲ್ಲಿ ಇಪ್ಪತ್ತೆಂಟು ಸಿಪಾಯಿಗಳು ಕುಳಿತರೆ ಪ್ಯಾಕೆಟ್ಟಿನಲ್ಲಿ ಅರುವತ್ತೆರಡು ಮಂದಿ ಹಿಡಿಯುತ್ತಿದ್ದರು. ಆಕಾಶದಿಂದ ಭಾರವಾದ ಸಾಮಾನು ಕೆಡವಬೇಕಾದಾಗ ಹಿಂಬಾಗಿಲುಗಳನ್ನು ನೆಲದಲ್ಲಿಯೇ ಕಳಚಿಟ್ಟು, ಬೆನ್ನಿನ ಕಡೆ ಬಯಲಾಗಿಯೇ ಹಾರುತ್ತಿದ್ದರು. ಹದಿನೈದು ಸಾವಿರ ಅಡಿಯ ಮೇಲೆ ಬೀಸುವ ಚಳಿಗಾಳಿಯಲ್ಲಿ ಆ ತೆರೆದ ಬಾಗಿಲ ಬಳಿ ನಿಂತು ಮೂಟೆ ತಳ್ಳುವವರ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಗುಣ ಹೇಳಿದ ಮೇಲೆ ದೋಷವನ್ನೂ ಹೇಳತಕ್ಕದ್ದು. ಇಂಜಿನುಗಳು ಒಂದೊಂದೂ ಸುಮಾರು 3,500 ಕುದುರೆಶಕ್ತಿಯವಾದರೂ ಅವುಗಳ ಆರೈಕೆ ಕಷ್ಟದ್ದು. ತುಂಬ ಹೇರಿದ್ದಾಗ ಒಂದು ಇಂಜಿನು ನಿಂತರೆ ಉಳಿದೊಂದರ ಬಲದಿಂದ ಎತ್ತರವನ್ನು ಕಾಯ್ದುಕೊಳ್ಳುವುದು ಇನ್ನೂ ಕಷ್ಟ. ಬಯಲುಸೀಮೆಯಲ್ಲಿ ಈ ದೋಷವು ಆತಂಕದ ವಿಷಯ. ಬೆಟ್ಟದ ಕಣಿವೆಯಲ್ಲಿ ಅದೇ ಮೃತ್ಯು.

ಇದರ ತಯಾರಿಕೆಯಲ್ಲಿ ನಡೆದ ಒಂದು ಪ್ರಸಂಗವನ್ನು ಸರಕಾರದ ಲೆಕ್ಕಪತ್ರ ನೋಡುವ ನಮ್ಮ ಅಧಿಕಾರಿ ಮಹಾಶಯರು ತಿಳಿಯುವುದು ಒಳ್ಳೆಯದು. ಕೊರಿಯದ ಯುದ್ಧದ ಅವಸರದಲ್ಲಿ ಅಮೇರಿಕದ ಸರಕಾರವು ಇದೇ ವಿಮಾನವನ್ನು ಕಟ್ಟಲು ಕೈಸರ್-ಫ್ರೇಜರ್ ಎಂಬ ಮೋಟಾರು ಕಂಪೆನಿಗೂ ಗುತ್ತಿಗೆ ಕೊಟ್ಟಿತು. ಮೂಲ ಕಾರ್ಖಾನೆಯವರಿಗೆ ತಗಲುತ್ತಿದ್ದ ವೆಚ್ಚದ ಹಲವು ಪಟ್ಟು ಈ ಹೊಸಬರಿಗೆ ತಗಲಿತೆಂದು ಹೊರಬಿದ್ದು, ಸೆನೆಟ್ ಸಭೆಯಲ್ಲಿ ವಿಚಾರಣೆ ನಡೆದು, 1953ರಲ್ಲಿ ಗುತ್ತಿಗೆಯೇ ರದ್ದಾಯಿತು. ಯುದ್ಧಕಾಲದ ಅವಸರವು ಬೊಕ್ಕಸದ ಬೀಗವನ್ನು ಸಡಿಲಿಸುವುದು ಎಲ್ಲ ದೇಶಗಳಲ್ಲಿಯೂ ಇದ್ದುದೇ. ಆದರೆ ಬಹಿರಂಗವಾಗಿ ಪ್ರಶ್ನೆ ಕೇಳುವ ಸಭೆಯೊಂದು ಇದ್ದರೆ ಅದು ಹೊರಬೀಳುವುದು, ಇಲ್ಲದಿದ್ದರೆ ಒಳಗೇ ಉಳಿಯುವುದು. 1955ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಟ್ಟು ಸಾವಿರದ ನೂರಕ್ಕೂ ಹೆಚ್ಚು ವಿಮಾನಗಳು ಹೊರಬಿದ್ದಿದ್ದವು.

ಕೊರಿಯ, ಇಂಡೋಚೀನ, ಕಾಂಗೋ

ಪ್ಯಾಕೆಟ್ಟಿನ ಮೊದಲ ಪರೀಕ್ಷೆ ಕೊರಿಯದಲ್ಲಿ ನಡೆಯಿತು. 1950ರ ಡಿಸೆಂಬರಿನಲ್ಲಿ ಚೋಸಿನ್ ಜಲಾಶಯದ ಬಳಿ ಅಮೇರಿಕದ ಮರೀನ್ ದಳವು ಚೀನೀ ಸೈನ್ಯದ ಸುತ್ತುಗಟ್ಟಿಗೆ ಸಿಕ್ಕಿ, ಹೆಪ್ಪುಗಟ್ಟುವ ಚಳಿಯಲ್ಲಿ ಸಮುದ್ರದ ಕಡೆಗೆ ಹಿಮ್ಮೆಟ್ಟುತ್ತಿತ್ತು. ಫುಂಚಿಲಿನ್ ಕಣಿವೆಯಲ್ಲಿದ್ದ ಏಕಮಾತ್ರ ಸೇತುವೆಯನ್ನು ಶತ್ರುಗಳು ಒಡೆದುಬಿಟ್ಟಿದ್ದರು. ಆಗ ಪ್ಯಾಕೆಟ್ ವಿಮಾನಗಳು ಉಕ್ಕಿನ ಸೇತುವೆಯ ಎಂಟು ತುಂಡುಗಳನ್ನು ದೊಡ್ಡ ಕೊಡೆಗಳಿಗೆ ಕಟ್ಟಿ ಆಕಾಶದಿಂದ ಇಳಿಸಿದವು. ಒಂದು ತುಂಡು ಮುರಿಯಿತು, ಒಂದು ಶತ್ರುಗಳ ಪಾಲಾಯಿತು. ಉಳಿದವುಗಳಿಂದಲೇ ಕಂದಕಕ್ಕೆ ಸೇತುವೆ ಬಿದ್ದು ಸಾವಿರಾರು ಜನರೂ ಅವರ ವಾಹನಗಳೂ ಅದರ ಮೇಲೆ ದಾಟಿ ಬದುಕಿಕೊಂಡರು. ಸೇತುವೆಯನ್ನು ಆಕಾಶದಿಂದ ಇಳಿಸಿದ ದೃಷ್ಟಾಂತವು ಅದಕ್ಕೆ ಮುಂಚೆ ಯುದ್ಧದ ಚರಿತ್ರೆಯಲ್ಲಿ ಕಾಣದು.

ಅದೇ ವಿಮಾನವು 1954ರಲ್ಲಿ ಇಂಡೋಚೀನದ ದಿಯೆನ್ ಬಿಯೆನ್ ಫೂ ಎಂಬಲ್ಲಿ ಸೋಲಿಗೂ ಸಾಕ್ಷಿಯಾಯಿತು. ಬೆಟ್ಟಗಳ ನಡುವಿನ ತಗ್ಗಿನಲ್ಲಿ ಕೋಟೆ ಕಟ್ಟಿ ಕುಳಿತ ಫ್ರೆಂಚ್ ಸೈನ್ಯಕ್ಕೆ ಆಕಾಶವೊಂದೇ ದಾರಿ. ಫ್ರೆಂಚ್ ಗುರುತು ಬಳಿದ ಪ್ಯಾಕೆಟ್ಟುಗಳನ್ನು ಅಮೇರಿಕದ ಖಾಸಗಿ ಚಾಲಕರು ನಡೆಸಿ ಸಾಮಾನು ಕೆಡವಿದರು. ವಿಯೆಟ್ನಾಮೀಯರ ಫಿರಂಗಿಗಳು ಬೆಟ್ಟದ ಮೇಲೆ. ವಿಮಾನಗಳು ಅವುಗಳ ಬಾಯೆದುರಿಗೆ. ಕೋಟೆ ಬೀಳುವ ಹಿಂದಿನ ದಿನ, ಮೇ 6ರಂದು, ಜೇಮ್ಸ್ ಮೆಕ್‌ಗವರ್ನ್ ಎಂಬ ಚಾಲಕನೂ ಅವನ ಜತೆಗಾರ ವಾಲೇಸ್ ಬ್ಯೂಫರ್ಡನೂ ಏಟು ತಿಂದ ವಿಮಾನದೊಡನೆ ಮಡಿದರು. ಆ ಚಾಲಕರಲ್ಲಿ ಬದುಕಿದ್ದವರಿಗೆ ಫ್ರಾನ್ಸ್ ದೇಶವು ಪ್ರಶಸ್ತಿ ಕೊಟ್ಟಿದ್ದು 2005ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ. ಬೇರೊಂದು ನಾಡನ್ನು ಆಳಹೊರಟವರ ಕೋಟೆಯನ್ನು ಎಷ್ಟು ಮೂಟೆ ಹಿಟ್ಟಿನಿಂದಲೂ ಉಳಿಸಲಾಗದೆಂಬುದು ಬೇರೆ ಮಾತು. ಹೊತ್ತವರ ಸಾಹಸಕ್ಕೆ ಅದರಿಂದ ಕುಂದಿಲ್ಲ.

1961ರ ನವೆಂಬರಿನಲ್ಲಿ ಆಫ್ರಿಕದ ಕಾಂಗೋ ದೇಶದ ಕಿಂಡು ಎಂಬ ಊರಿನಲ್ಲಿ ಇನ್ನೊಂದು ದುರಂತ ನಡೆಯಿತು. ವಿಶ್ವಸಂಸ್ಥೆಯ ಶಾಂತಿಪಡೆಗೆ ಸಾಮಾನು ತಂದಿದ್ದ ಎರಡು ಇಟಲಿಯ ಪ್ಯಾಕೆಟ್ಟುಗಳ ಹದಿಮೂರು ಮಂದಿಯನ್ನು ದಂಗೆಯೆದ್ದ ಸೈನಿಕರು ಕೊಂದುಹಾಕಿದರು. ಅವರು ಯಾರೊಡನೆಯೂ ಕಾದಲು ಬಂದವರಲ್ಲ, ಹೊತ್ತು ತಂದವರು ಮಾತ್ರ.

ಈ ಮುದಿ ಗೂಡ್ಸ್ ಡಬ್ಬಿಗೆ ವಿಜ್ಞಾನದ ಕೀರ್ತಿಯೂ ಒಮ್ಮೆ ಒದಗಿತು. 1960ರ ಆಗಸ್ಟ್ 19ರಂದು, ಭೂಮಿಯನ್ನು ಸುತ್ತಿ ಬಂದ ಡಿಸ್ಕವರರ್-14 ಎಂಬ ಅಮೇರಿಕದ ಉಪಗ್ರಹವು ಕೆಳಕ್ಕೆ ಬಿಟ್ಟ ಭರಣಿಯೊಂದು ಕೊಡೆಗೆ ತೂಗುಹಾಕಿಕೊಂಡು ಹವಾಯಿ ದ್ವೀಪಗಳ ಬಳಿ ಇಳಿಯುತ್ತಿದ್ದಾಗ, ಕ್ಯಾಪ್ಟನ್ ಹೆರಾಲ್ಡ್ ಮಿಚೆಲ್ ನಡೆಸುತ್ತಿದ್ದ ಪ್ಯಾಕೆಟ್ಟು ಹಿಂಬಾಗಿಲಿನಿಂದ ಕೊಕ್ಕೆಗಳನ್ನು ಇಳಿಬಿಟ್ಟು, ಎರಡು ಸಲ ತಪ್ಪಿ, ಮೂರನೆಯ ಸಲ ಅದನ್ನು ಗಾಳಿಯಲ್ಲಿಯೇ ಹಿಡಿಯಿತು. ಅಂತರಿಕ್ಷದಿಂದ ಮರಳಿದ ವಸ್ತುವನ್ನು ನೆಲ ಮುಟ್ಟುವ ಮುನ್ನ ಮನುಷ್ಯನು ಹಿಡಿದದ್ದು ಅದೇ ಮೊದಲು. ಅದರೊಳಗಿದ್ದುದು ಸೋವಿಯೆತ್ ದೇಶದ ಚಿತ್ರಗಳೆಂಬ ಗುಟ್ಟು ಹೊರಬಿದ್ದುದು 1995ರಲ್ಲಿ.

ಭಾರತಕ್ಕೆ ಬಂದುದು

ನಮ್ಮ ವಾಯುಸೇನೆಗೆ ಪ್ಯಾಕೆಟ್ಟು ಬಂದುದು 1954ರಲ್ಲಿ. ಆಗ್ರಾದಲ್ಲಿದ್ದ 12ನೆಯ ಸ್ಕ್ವಾಡ್ರನ್ ಇದನ್ನು ಮೊದಲು ಪಡೆಯಿತು. 1960ರ ಸುಮಾರಿನಲ್ಲಿ ಮತ್ತಷ್ಟು ಬಂದವು. 1962ರ ಯುದ್ಧದ ತರುವಾಯ ಅಮೇರಿಕದ ನೆರವಿನ ರೂಪದಲ್ಲಿ ಇನ್ನೂ ಕೆಲವು ಸೇರಿದವು. ಕೊಂಡದ್ದೂ ಎರವಲು ಶಕ್ತಿ, ದಾನವಾಗಿ ಬಂದುದೂ ಎರವಲು ಶಕ್ತಿಯೇ; ಬಿಡಿ ಭಾಗಗಳಿಗೆ ಸಮುದ್ರದಾಚೆಯ ಮುಖ ನೋಡಬೇಕಾದ ಪರಿಸ್ಥಿತಿ.

ಇಂಥ ವಿಮಾನದ ಅಗತ್ಯವಾದರೂ ಏನಿದ್ದಿತು? ಲಡಾಖಿನ ನಕಾಶೆಯನ್ನು ನೋಡಿದವರಿಗೆ ಉತ್ತರ ಸ್ಪಷ್ಟ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಡಕೋಟ ವಿಮಾನವನ್ನು ಲೇಹ್ ಊರಿನಲ್ಲಿ ಮೊದಲ ಬಾರಿಗೆ ಇಳಿಸಿದರು. ಹತ್ತು ಸಾವಿರ ಅಡಿಗೂ ಮೇಲಿನ ಆ ಊರಿನಲ್ಲಿ, ಇಂಜಿನಿಯರ್ ಸೋನಮ್ ನೋರ್ಬು ಅವರು ಸ್ಥಳೀಯರ ಕೈಯಿಂದ ಸಮ ಮಾಡಿಸಿದ ಮರಳುನೆಲವೇ ನಿಲ್ದಾಣ. ಆ ವಿಮಾನದಲ್ಲಿ ಕುಳಿತು ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಎಂಬುದನ್ನು ಕನ್ನಡಿಗರು ಅಭಿಮಾನದಿಂದ ಸ್ಮರಿಸತಕ್ಕದ್ದು. ಆದರೆ ಡಕೋಟದ ಬೆನ್ನು ಚಿಕ್ಕದು. ಲೇಹ್ ನಗರಕ್ಕೆ ಮೋಟಾರು ರಸ್ತೆ ಸಿದ್ಧವಾದುದು 1960ರ ದಶಕದ ಆರಂಭದಲ್ಲಿ; ಅದು ಆದ ಮೇಲೂ ಜೋಜಿಲಾ ಕಣಿವೆಯ ಹಿಮವು ಚಳಿಗಾಲವೆಲ್ಲ ದಾರಿಯನ್ನು ಮುಚ್ಚುತ್ತಿತ್ತು. ಗಡಿಯ ಠಾಣೆಗಳನ್ನು ಮುಂದು ಮುಂದಕ್ಕೆ ನಿಲ್ಲಿಸಿದಷ್ಟೂ ಅವುಗಳ ಹೊಟ್ಟೆ ತುಂಬಿಸುವ ಹೊಣೆ ವಿಮಾನದ ಮೇಲೆ ಬೀಳುತ್ತಿತ್ತು.

ಎತ್ತರವೆಂಬುದು ಇಂಜಿನಿನ ಶತ್ರು. ಹದಿನಾರು ಸಾವಿರ ಅಡಿಯ ಮೇಲೆ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿಗೆ ಇಳಿಯುವುದು. ಗಾಳಿ ತೆಳುವಾದರೆ ಇಂಜಿನಿನ ಉಸಿರು ಕಡಿಮೆ. ತಿರುಗುವ ರೆಕ್ಕೆಗೆ ಹಿಡಿತ ಕಡಿಮೆ. ವಿಮಾನವನ್ನೆತ್ತುವ ಬಲವೂ ಕಡಿಮೆ. ಇಳಿಯುವ ವೇಗ ಹೆಚ್ಚು, ಏಳಲು ಬೇಕಾದ ನೆಲವೂ ಹೆಚ್ಚು. ಹೇಗರ್ಸ್‌ಟೌನಿನ ಶಿಲ್ಪಿಗಳು ಈ ವಿಮಾನವನ್ನು ಕಟ್ಟುವಾಗ ಹಿಮಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ.

ಬೆಂಗಳೂರಿನ ಕೈಗೆಲಸ

ಇಲ್ಲಿ ನಮ್ಮ ಬೆಂಗಳೂರಿನ ಪ್ರವೇಶವಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ ಹುಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ, ಬೇರೆಯವರು ಬೇಡವೆಂದುದನ್ನು ಕೆಲಸಕ್ಕೆ ಬರಿಸುವ ವಿದ್ಯೆ ಹೊಸದಲ್ಲ. ಯುದ್ಧಾನಂತರ ಕಾನ್ಪುರದಲ್ಲಿ ಹಾಳುಸುರಿಯುತ್ತಿದ್ದ ಲಿಬರೇಟರ್ ಬಾಂಬು ವಿಮಾನಗಳನ್ನು ಜೀವಂತಗೊಳಿಸಿ ವಾಯುಸೇನೆಗೆ ಒಪ್ಪಿಸಿದ್ದೂ ಇದೇ ಕಾರ್ಖಾನೆ. ನ್ಯಾಟ್ ವಿಮಾನಕ್ಕೆಂದು ಬ್ರಿಸ್ಟಲ್ ಕಂಪೆನಿಯ ಪರವಾನಿಗೆಯಿಂದ ಇಲ್ಲಿ ತಯಾರಾಗುತ್ತಿದ್ದ ಆರ್ಫಿಯಸ್ ಎಂಬ ಜೆಟ್ ಇಂಜಿನನ್ನು ಪ್ಯಾಕೆಟ್ಟಿನ ಬೆನ್ನ ಮೇಲೆ, ರೆಕ್ಕೆಗಳ ನಡುಭಾಗದಲ್ಲಿ, ಕೂರಿಸಲಾಯಿತು. ಸುಮಾರು 4,700 ಪೌಂಡು ನೂಕುಬಲದ ಆ ಮೂರನೆಯ ಇಂಜಿನನ್ನು ವಿಮಾನ ಮೇಲೇಳುವಾಗಲೂ ಸಂಕಟ ಬಂದಾಗಲೂ ಹಚ್ಚಿಕೊಳ್ಳುವುದು. ಉಳಿದ ವೇಳೆ ಆರಿಸಿಡುವುದು. ಘಾಟಿ ಹತ್ತುವ ಗಾಡಿಗೆ ಇನ್ನೊಂದು ಜೋಡಿ ಎತ್ತನ್ನು ಕಟ್ಟಿ ದಿಣ್ಣೆ ದಾಟಿಸುವ ನಮ್ಮ ಗಾಡಿಯವರ ಉಪಾಯವೇ ಇದು.

ಬೆನ್ನ ಮೇಲೆ ಜೆಟ್ ಹೊರಿಸುವ ಯೋಚನೆ ಅಮೇರಿಕದಲ್ಲಿಯೂ ಇದ್ದಿತು. ಆದರೆ ತನ್ನ ಕಾರ್ಖಾನೆಯ ಇಂಜಿನನ್ನು ತನ್ನ ಗಡಿಯ ಎತ್ತರಕ್ಕಾಗಿ ತಾನೇ ಅಳವಡಿಸಿಕೊಂಡುದು ಬೇರೊಂದು ಬಗೆಯ ಮಾತು. ವಿಮಾನವು ಪರರದು, ಅದರ ಕೊರತೆಯನ್ನು ತುಂಬಿದ ಬಲವು ನಮ್ಮದು. ಒಂದು ವಸ್ತುವು ಹಣ ತೆತ್ತ ದಿನ ನಮ್ಮದಾಗುವುದಿಲ್ಲ. ನಮ್ಮ ನೆಲಕ್ಕೆ ತಕ್ಕಂತೆ ಅದನ್ನು ತಿದ್ದಲು ಬಂದ ದಿನ ನಮ್ಮದಾಗುವುದು. ಪ್ಯಾಕೆಟ್ಟು ನಮ್ಮದಾದದ್ದು ಹೀಗೆ.

ದೌಲತ್ ಬೇಗ್ ಓಲ್ಡಿ

ಕಾರಕೋರಂ ಕಣಿವೆಯ ಕೆಳಗೆ, ಯಾರ್ಕಂದಕ್ಕೆ ಹೋಗುವ ವರ್ತಕರ ಹಳೆಯ ಹಾದಿಯಲ್ಲಿ, ದೌಲತ್ ಬೇಗ್ ಓಲ್ಡಿ ಎಂಬ ಬೀಡಿದೆ. ಹುಲ್ಲೂ ಬೆಳೆಯದ ಆ ಬಯಲಿನ ಎತ್ತರ 16,614 ಅಡಿ. ಒಂದು ಕಾಲದಲ್ಲಿ ಹೇರುಕುದುರೆಗಳು ದಾಟುತ್ತಿದ್ದ ಆ ಎಡೆಯಲ್ಲಿ, 1962ರ ಜುಲೈ 23ರಂದು ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಅವರು ಪ್ಯಾಕೆಟ್ಟನ್ನು ಇಳಿಸಿದರು. ಕಲ್ಲುಮಣ್ಣಿನ ಬರಿನೆಲದ ಮೇಲೆ, ಮನುಷ್ಯನಿಗೇ ಉಸಿರಾಟ ಕಷ್ಟವಾದ ಎತ್ತರದಲ್ಲಿ, ಇಷ್ಟು ದೊಡ್ಡ ವಿಮಾನವು ಇಳಿದು ಮತ್ತೆ ಎದ್ದುದನ್ನು ಕೇಳಿ ಲೋಕವು ಬೆರಗಾದುದರಲ್ಲಿ ಆಶ್ಚರ್ಯವಿಲ್ಲ. ಜಗತ್ತಿನ ಅತ್ಯಂತ ಎತ್ತರದ ಇಳಿದಾಣಗಳಲ್ಲಿ ಅದೂ ಒಂದು. 1966ರಲ್ಲಿ ಭೂಕಂಪದಿಂದ ಅಲ್ಲಿಯ ನೆಲ ಸಡಿಲಗೊಳ್ಳುವವರೆಗೂ ಪ್ಯಾಕೆಟ್ಟುಗಳು ಆ ಸೇವೆಯನ್ನು ನಡೆಸಿದವು. ಆಮೇಲೆ ಅಲ್ಲಿ ವಿಮಾನವಿಳಿಯಲು ನಲವತ್ತೆರಡು ವರ್ಷ ಕಳೆಯಬೇಕಾಯಿತು: 2008ರ ಮೇ 31ರಂದು ಆಂಟೊನೋವ್-32, 2013ರ ಆಗಸ್ಟ್ 20ರಂದು ಸಿ-130ಜೆ ಅಲ್ಲಿ ಇಳಿದವು. ಹೊಸ ವಿಮಾನಗಳ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬಂದಿತು; ಮೊದಲು ದಾರಿ ತುಳಿದವರ ಹೆಸರು ಸಣ್ಣಕ್ಷರದಲ್ಲಿ.

ರಾಜೆಯವರು ಇಳಿದ ಮೂರೇ ತಿಂಗಳಿಗೆ ಚೀನದೊಡನೆ ಯುದ್ಧವಾಯಿತು. ಪೂರ್ವದ ಗಡಿಯಲ್ಲಿ, ನಾಮ್ಕಾ ಚೂ ಹೊಳೆಯ ಮೇಲ್ಗಡೆಯ ಸಾಂಗ್‌ಧರ್ ಎಂಬ ಇಕ್ಕಟ್ಟಿನ ಬಯಲಿಗೆ ಡಕೋಟಗಳೂ ಪ್ಯಾಕೆಟ್ಟುಗಳೂ ಸಾಮಾನು ಕೆಡವಿದವು. ಬಿದ್ದುದರಲ್ಲಿ ಬಹುಪಾಲು ಕಮರಿಯ ಪಾಲಾಯಿತು. ಆ ತುಕಡಿಯ ನಾಯಕ ಬ್ರಿಗೇಡಿಯರ್ ಜಾನ್ ದಳವಿಯವರು ಬರೆದ 'ಹಿಮಾಲಯನ್ ಬ್ಲಂಡರ್' ಗ್ರಂಥವನ್ನು ರವಿ ಬೆಳಗೆರೆಯವರ ಅನುವಾದದಲ್ಲಿ ಓದಿದ ಕನ್ನಡಿಗರಿಗೆ ಈ ಸಂಕಟವು ಅಪರಿಚಿತವಲ್ಲ. ತಪ್ಪು ವಿಮಾನದ್ದಲ್ಲ, ಚಾಲಕರದ್ದೂ ಅಲ್ಲ. ವೇಗದ ವಿಮಾನಕ್ಕೆ ಕಿರಿದಾದ ನೆಲವನ್ನು ತೋರಿಸಿ, ಚಳಿಗಾಲದ ಬಾಗಿಲಲ್ಲಿ, ರಸ್ತೆಯಿಲ್ಲದ ಕಡೆಗೆ ಸೈನ್ಯವನ್ನು ಮೊದಲು ಕಳುಹಿಸಿ ಹಿಟ್ಟನ್ನು ಆಮೇಲೆ ಕಳುಹಿಸಹೊರಟ ಆಜ್ಞೆಯದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯು ಮನೆಗೆ ಮಾತ್ರವಲ್ಲ, ರಾಜ್ಯಕ್ಕೂ ಸಲ್ಲುವುದು.

ಒಂಬತ್ತು ವರ್ಷಗಳ ತರುವಾಯ ಇದೇ ವಿಮಾನಗಳು ಬೇರೊಂದು ಚಿತ್ರವನ್ನು ಬರೆದವು. 1971ರ ಡಿಸೆಂಬರ್ 11ರಂದು ಪೂರ್ವ ಬಂಗಾಳದ ತಾಂಗೈಲ್ ಬಳಿ 2ನೆಯ ಪ್ಯಾರಾ ದಳವನ್ನು ಆಕಾಶದಿಂದ ಇಳಿಸಿದ ಸುಮಾರು ಐವತ್ತು ವಿಮಾನಗಳಲ್ಲಿ ಪ್ಯಾಕೆಟ್ಟುಗಳೂ ಇದ್ದವು. ಪೂಂಗ್ಲಿ ಸೇತುವೆಯನ್ನು ಹಿಡಿದು, ಮೈಮೆನ್‌ಸಿಂಗಿನಿಂದ ಢಾಕಾಕ್ಕೆ ಹಿಮ್ಮೆಟ್ಟುತ್ತಿದ್ದ ಶತ್ರುಗಳ ದಾರಿಯನ್ನು ತಡೆಯುವುದು ಉದ್ದೇಶ. ಐದು ದಿನಗಳಲ್ಲಿ ಢಾಕಾ ಶರಣಾಯಿತು. ವಿಮಾನ ಅದೇ, ಹೊರುವ ಬೆನ್ನೂ ಅದೇ. ಯೋಜನೆ ಸಕಾಲದ್ದಾಗಿತ್ತೆಂಬುದೇ ವ್ಯತ್ಯಾಸ.

ಸಲ್ಲಬೇಕಾದ ಋಣ

1984ರಿಂದ ಆಂಟೊನೋವ್-32 ವಿಮಾನಗಳು ಬರತೊಡಗಿದುವು. ಆ ದಶಕದ ನಡುವಿನಲ್ಲಿ ಪ್ಯಾಕೆಟ್ಟುಗಳು ನಿವೃತ್ತಿ ಹೊಂದಿದವು. ಹುಟ್ಟಿದ ದೇಶದ ಸೇನೆಯು ಇವನ್ನು ಅದಕ್ಕೆ ಎಷ್ಟೋ ಮೊದಲೇ ಬಿಟ್ಟುಬಿಟ್ಟಿದ್ದಿತು. ಮೂವತ್ತು ವರ್ಷಗಳ ಆ ಸೇವೆಗೆ ಬೆಲೆ ತೆರದೆ ಇರಲಿಲ್ಲ. ಹಿಮಾಲಯದ ಹಾದಿಯು ತೆಗೆದುಕೊಂಡದ್ದನ್ನು ಬೇಗ ಹಿಂದಿರುಗಿಸುವುದಿಲ್ಲ. 1968ರ ಫೆಬ್ರವರಿ 7ರಂದು ಚಂಡೀಗಢ-ಲೇಹ್ ಹಾದಿಯಲ್ಲಿ 102 ಮಂದಿಯೊಡನೆ ಕಾಣೆಯಾದ ಆಂಟೊನೋವ್-12 ವಿಮಾನದ ಕುರುಹು ಪರ್ವತಾರೋಹಿಗಳ ಕಣ್ಣಿಗೆ ಬಿದ್ದುದು 2003ರಲ್ಲಿ. ಮತ್ತೆ ನಾಲ್ವರ ದೇಹಗಳು ಹಿಮದಿಂದ ಹೊರಬಂದುದು 2024ರಲ್ಲಿ. ಪ್ಯಾಕೆಟ್ಟುಗಳು ಹಾರಿದ್ದು ಇದೇ ಆಕಾಶದಲ್ಲಿ, ಇದೇ ಶಿಖರಗಳ ನಡುವೆ. ಐವತ್ತಾರು ವರ್ಷ ಕಾದ ಮನೆಗಳು ನಮ್ಮ ನಡುವೆಯೇ ಇದ್ದುವೆಂಬುದನ್ನು ಸರಕಾರವೂ ಸಮಾಜವೂ ಮರೆಯಬಾರದು.

ಇಂದು ನಮ್ಮಲ್ಲಿ ದೊಡ್ಡ ದೊಡ್ಡ ಭಾರವಾಹಿ ವಿಮಾನಗಳಿವೆ. 2021ರಲ್ಲಿ ಒಪ್ಪಂದವಾದ 56 ಸಿ-295 ವಿಮಾನಗಳಲ್ಲಿ 40ನ್ನು ನಮ್ಮ ದೇಶದಲ್ಲಿಯೇ ಕಟ್ಟಬೇಕೆಂದು ನಿಶ್ಚಯವಾಗಿ, 2024ರ ಅಕ್ಟೋಬರಿನಲ್ಲಿ ವಡೋದರದ ಕಾರ್ಖಾನೆ ಉದ್ಘಾಟನೆಯಾಯಿತು. ಇದು ಸಂತೋಷದ ವಾರ್ತೆಯೇ. ಆದರೆ ಕಟ್ಟುವುದೆಂದರೆ ಬಂದ ಭಾಗಗಳನ್ನು ಜೋಡಿಸುವುದು ಮಾತ್ರವಲ್ಲ. ನಮ್ಮ ಗಡಿಯ ಎತ್ತರ, ನಮ್ಮ ಚಳಿ, ನಮ್ಮ ಸಿಪಾಯಿಯ ಹಸಿವು ಇವುಗಳಿಗೆ ತಕ್ಕಂತೆ ಯಂತ್ರವನ್ನು ತಿದ್ದುವ ಬುದ್ಧಿಯೂ ಅಧಿಕಾರವೂ ನಮ್ಮ ಕೈಯಲ್ಲಿರಬೇಕು. ಪ್ಯಾಕೆಟ್ಟಿನ ಬೆನ್ನ ಮೇಲೆ ಆರ್ಫಿಯಸ್ಸನ್ನು ಕೂರಿಸಿದ ಬೆಂಗಳೂರಿನ ಕೆಲಸಗಾರರು ಆ ಬುದ್ಧಿಯನ್ನು ಅರ್ಧ ಶತಮಾನದ ಹಿಂದೆಯೇ ತೋರಿಸಿದರು.

ಸುಗ್ಗಿಯ ಕಾಲದಲ್ಲಿ ಕಣದ ರಾಶಿಗೆ ಪೂಜೆ ಮಾಡುವ ಒಕ್ಕಲಿಗನು ಎತ್ತಿಗೂ ಅರಿಸಿನ ಹಚ್ಚಿ, ಕೊರಳಿಗೆ ಹೂ ಕಟ್ಟಿ, ಹೊಟ್ಟೆ ತುಂಬ ತಿನ್ನಿಸುವನು. ಉತ್ತದ್ದು, ಹೊತ್ತದ್ದು ಅದು ಎಂಬುದನ್ನು ಅವನು ಮರೆಯುವುದಿಲ್ಲ. ಗೆದ್ದ ಯುದ್ಧಗಳ ದಿನವನ್ನು ವರ್ಷಂಪ್ರತಿ ಆಚರಿಸುವ ನಾವು, ಆ ದಿನದಲ್ಲಿ ಹೊತ್ತವರಿಗೂ ಒಂದು ಸಾಲನ್ನು ಮೀಸಲಿಡೋಣ. ಮಕ್ಕಳ ಪಾಠಪುಸ್ತಕದಲ್ಲಿ ತಾಂಗೈಲ್ ಬಂದಾಗ ದೌಲತ್ ಬೇಗ್ ಓಲ್ಡಿಯೂ ಬರಲಿ. ಗುಂಡು ಹಾರಿಸಿದವರ ಹೆಸರಿನ ಕೆಳಗೆ ಹಿಟ್ಟಿನ ಮೂಟೆ ಇಳಿಸಿದವರ ಹೆಸರೂ ಇರಲಿ. ಇಷ್ಟನ್ನು ಮಾಡಲು ಬೊಕ್ಕಸದ ಹಣ ಬೇಡ; ಉಂಡ ಅನ್ನದ ನೆನಪು ಸಾಕು.